ನಲವತ್ತೇಳನೆಯ ನಂಬರಿನ ಟಾರ್ಚು

ಮೂವತ್ತೊಂದು ವರ್ಷ ನಾನು ಈ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದೆ. ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಅಟ್ಲಾಸು ತೆರೆದ ಯಾರಾದರೊಬ್ಬರು ಎದ್ದು ನಿಂತು, "ಅಕ್ಕೋರ, ಇದರಾಗ ನಮ್ಮ ಊರು ಎಲ್ಲೈತ್ರಿ?" ಎಂದು ಕೇಳುವುದಿತ್ತು. ಕಲಿಸುವ ಹೆಂಗಸರನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನಾನು ಎರಡು ಪುಟಗಳ ನಡುವೆ ಹೊಲಿಗೆ ಬಿದ್ದ ಜಾಗಕ್ಕೆ ಬೆರಳಿಟ್ಟು, "ಇಲ್ಲಿ, ದಾರದ ಕೆಳಗೆ" ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಗದೆ ಉಳಿದ ಒಬ್ಬಿಬ್ಬರು ಮನೆಗೆ ಹೋಗಿ ಹೊಲಿಗೆ ಬಿಚ್ಚಿ ನೋಡಿದ್ದೂ ಉಂಟು.

ಮುಸುಕಿನ ಹೊತ್ತು ಬೇರೆ ಊರುಗಳಲ್ಲಿ ಇಲ್ಲವೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಹಾಸ್ಟೆಲಿನ ಮೊದಲ ದಿನ ಮಧ್ಯಾಹ್ನ ಊಟ ಮುಗಿಸಿ ಬಂದವಳು ಗೋಡೆಗೆ ಒರಗಿ ಕಾಯುತ್ತ ಕೂತೆ. ಕತ್ತಲಾಗಲೇ ಇಲ್ಲ. ರೂಮಿನ ಗೆಳತಿ, "ಯಾರಿಗೆ ಕಾಯ್ತಾ ಇದೀಯ?" ಎಂದಳು. ಏನೆಂದು ಹೇಳಲಿ? ನಮ್ಮಲ್ಲಿ ಎರಡು ಗಂಟೆಗೆ ಮುಸುಕು ಇಳಿದರೆ ಮೂರಕ್ಕೆ ಏಳುತ್ತದೆ. ಆ ಒಂದು ತಾಸು ನಮ್ಮ ಕೈ ನಮಗೇ ಕಾಣುವುದಿಲ್ಲ. ಕಡ್ಡಿ ಗೀರಿದರೆ ಉರಿ ನೀಲಿಯಾಗಿ ಕುಗ್ಗಿ ಆರಿಹೋಗುತ್ತದೆ. ಬಲ್ಬು ಹತ್ತುವುದಿಲ್ಲ. ಕಾಲೇಜಿನ ನಾಲ್ಕು ವರ್ಷವೂ ಆ ಬೋಳು ಮಧ್ಯಾಹ್ನಗಳು ನನಗೆ ಹೊಂದಲಿಲ್ಲ. ಕೊನೆಯ ಪರೀಕ್ಷೆ ಮುಗಿದದ್ದೇ ಊರಿಗೆ ಬಂದುಬಿಟ್ಟೆ.

ಆ ತಾಸಿಗೆಂದು ಊರು ತನ್ನದೇ ನಡಾವಳಿ ಮಾಡಿಕೊಂಡಿದೆ. ಬಸ್ಸು ಊರ ಹೊರಗಿನ ಕಲ್ಲಿನ ಹತ್ತಿರ ನಿಲ್ಲುತ್ತದೆ, ಡ್ರೈವರು ಮಲಗುತ್ತಾನೆ. ಓಣಿಗಳಲ್ಲಿ ಸೊಂಟದ ಎತ್ತರಕ್ಕೆ ಗೋಡೆಗುಂಟ ಹಗ್ಗ ಕಟ್ಟಿದೆ. ಹಗ್ಗ ಹಿಡಿದು ಹೋಗುವಾಗ ಎದುರಿನವರ ಕೈ ತಾಗಿದರೆ ಒಮ್ಮೆ ಮೆಲ್ಲಗೆ ಒತ್ತಿ, ಹೆಸರು ಕೇಳದೆ, ದಾರಿ ಬಿಡಬೇಕು. ಇನ್ನೊಂದು, ಮುಸುಕು ಇಳಿಯುವ ಮುಂಚೆ ಪ್ರತಿ ಮನೆಯವರೂ ಹೊರಗಿನ ಕಟ್ಟೆಯ ಮೇಲೆ ಒಂದು ತಾಟಿನಲ್ಲಿ ಊಟ ಬಡಿಸಿ ಬಟ್ಟೆ ಮುಚ್ಚಿಡಬೇಕು. ಬೇಕಾದವರು ಬಂದು ಉಣ್ಣುತ್ತಾರೆ. ಪಕ್ಕದಲ್ಲಿಟ್ಟ ತಂಬಿಗೆಯ ನೀರಿನಲ್ಲಿ ತಾಟು ತೊಳೆದು ಮಗುಚಿಟ್ಟು ಹೋಗುತ್ತಾರೆ. ಮೂರು ಗಂಟೆಗೆ ಬಾಗಿಲು ತೆರೆದಾಗ ತಾಟು ಮಗುಚಿದ್ದರೆ ಆ ಮನೆಯವರಿಗೆ ಒಂದು ಸಮಾಧಾನ. ಉಂಡವರು ಯಾರೆಂದು ಕೇಳುವುದಿಲ್ಲ. ಊಹಿಸುವುದೂ ಇಲ್ಲ, ಊಹಿಸುವುದು ನಮ್ಮಲ್ಲಿ ಬೇರೆಯವರ ಕಾಗದ ಒಡೆದು ಓದಿದ ಹಾಗೆ. ಮನೆಯಲ್ಲಿ ಏನೂ ಇಲ್ಲದವರು ಕೂಡ ತಮ್ಮ ಕಟ್ಟೆಯ ಮೇಲೆ ಖಾಲಿ ತಾಟಿಗೆ ಬಟ್ಟೆ ಮುಚ್ಚಿಟ್ಟು, ಆಮೇಲೆ ಬೇರೆ ಓಣಿಯ ಹಗ್ಗ ಹಿಡಿಯುತ್ತಾರೆ. ಖಾಲಿ ತಾಟಿನ ಬಟ್ಟೆಯನ್ನು ಎತ್ತಿದವರು ಅಷ್ಟೇ ಮೆಲ್ಲಗೆ ಮತ್ತೆ ಮುಚ್ಚುತ್ತಾರೆ. ಈ ಊರಿನಲ್ಲಿ ನಾನು ಕಂಡ ಒಳ್ಳೆಯತನವೆಲ್ಲ ಕಣ್ಣಿಗೆ ಕಾಣದೆ ನಡೆದದ್ದು.

ನನಗೆ ಅಡುಗೆ ಬರುತ್ತಿರಲಿಲ್ಲ. ಮದುವೆಯಾಗಲಿಲ್ಲ, ಒಬ್ಬಳ ಹೊಟ್ಟೆಗೆ ಏನೋ ಬೇಯಿಸಿಕೊಂಡರೆ ಸಾಕಾಗಿತ್ತು. ಆದರೆ ಆರು ವರ್ಷದ ಹಿಂದೆ ಒಂದು ದಿನ ನನ್ನ ಮಗುಚಿದ ತಾಟಿನ ಬೆನ್ನ ಮೇಲೆ ಎರಡು ಹರಳು ಉಪ್ಪು ಇತ್ತು. ಗಾಳಿಗೆ ಬಂದದ್ದಲ್ಲ, ಜೋಡಿಸಿ ಇಟ್ಟದ್ದು. ಸಾರಿನ ಪಾತ್ರೆಗೆ ಬೆರಳಿಟ್ಟು ನೆಕ್ಕಿದೆ. ಉಪ್ಪು ಕಡಿಮೆಯೇ. ಮರುದಿನ ಸರಿಮಾಡಿದೆ. ಮೂರು ದಿನ ಬಿಟ್ಟು ಒಂದು ಹುಣಸೆ ಬೀಜ ಬಂತು: ಹುಳಿ ಸಾಲದು. ಆಮೇಲೆ ಮೆಣಸಿನಕಾಯಿಯ ತೊಟ್ಟು. ಸೀದ ಒಗ್ಗರಣೆಯ ದಿನ ಒಂದು ಚೂರು ಇದ್ದಿಲು. ಅದನ್ನು ನೋಡಿ ನಾನು ಬಾಗಿಲಲ್ಲಿ ಒಬ್ಬಳೇ ನಿಂತು ನಕ್ಕೆ. ಹೀಗೆ ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ ಯಾರೋ ನನಗೆ ಅಡುಗೆ ಕಲಿಸತೊಡಗಿದರು. ಎರಡು ವರ್ಷದ ಮೇಲೆ, ನಾನು ಹೋಳಿಗೆ ಮಾಡಿದ ಒಂದು ದಿನ, ತಾಟಿನ ಮೇಲೆ ಒಂದು ಏಲಕ್ಕಿ ಇತ್ತು. ಮುಟ್ಟಿ ನೋಡಿದೆ, ಮೂಸಿ ನೋಡಿದೆ. ಹಸಿದು ಬಂದವರು ತಮ್ಮಲ್ಲಿದ್ದ ಏಲಕ್ಕಿಯನ್ನು ನನಗೆ ಇಟ್ಟು ಹೋಗಿದ್ದರು. ಪದವಿ ಪಡೆದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡೆ.

ಶಿವಗಂಗವ್ವನ ಮಾತನ್ನು ಇಲ್ಲೇ ಹೇಳಬೇಕು. ನಲವತ್ತು ವರ್ಷ ಈ ಊರಿನ ಮದುವೆ ಮುಂಜಿಗಳಿಗೆಲ್ಲ ಅಡುಗೆ ಮಾಡಿದವಳು ಅವಳು. ಮಾರುದ್ದದ ಕಬ್ಬಿಣದ ಸೌಟು ಹಿಡಿದು ಒಲೆಯ ಮುಂದೆ ನಿಂತರೆ ಬೀಗರು ಕೂಡ ದೂರದಿಂದ ಮಾತಾಡಿಸುತ್ತಿದ್ದರು. ಎಲ್ಲರೂ ಉಂಡ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ಉಣ್ಣುತ್ತಿದ್ದಳು. ಕೂತು ಉಣ್ಣು ಎಂದರೆ, "ಬಡಿಸೋ ಕೈ ಚಾಚಬಾರದವ್ವ" ಎನ್ನುತ್ತಿದ್ದಳು. ಆಮೇಲೆ ಅವಳ ಕೈ ನಡುಗತೊಡಗಿತು. ಒಂದು ಮದುವೆಯಲ್ಲಿ ಸೌಟು ಜಾರಿ ಕುದಿಯುವ ಸಾರು ಒಬ್ಬರ ಕಾಲ ಮೇಲೆ ಚೆಲ್ಲಿತು. ಅಂದಿನಿಂದ ಅವಳನ್ನು ಕರೆಯುವವರು ಕಡಿಮೆಯಾಗಿ, ಆಮೇಲೆ ನಿಂತೇಹೋದರು. ಅವಳು ನಮ್ಮ ಹಿಂದಿನ ಓಣಿಯಲ್ಲಿ, ಕಸ್ತೂರೆವ್ವನ ಹಿತ್ತಿಲ ಕೋಣೆಯಲ್ಲಿ ಒಬ್ಬಳೇ ಇದ್ದಳು. ಆದರೆ ಅವಳ ಬಾಯಿ ಮಾತ್ರ ನಡುಗಿರಲಿಲ್ಲ. ನಮ್ಮ ಪಕ್ಕದ ಮನೆಯ ಹುಸೇನಬಿ ಬಳೆ ಮಾರುತ್ತಾಳೆ. ಅವಳ ಅಂಗಡಿಯಲ್ಲಿ ನಾನು ಸಿಕ್ಕಾಗಲೆಲ್ಲ ಶಿವಗಂಗವ್ವನದು ಒಂದೇ ರಾಗ.

"ಏನ್ರೀ ಅಕ್ಕೋರ, ನಿನ್ನೆ ನಿಮ್ಮ ಒಗ್ಗರಣಿ ಸೀದದ್ದು ನಮ್ಮ ಓಣಿ ಬೆಕ್ಕಿಗೂ ಗೊತ್ತಾತು. ಪಾಪ, ಸೀನಿ ಸೀನಿ ಸಾಯ್ತದ."

"ಕಲಿತಾ ಇದೀನಿ ಶಿವಗಂಗವ್ವ."

"ಯಾವಾಗ ಕಲೀತೀರಿ, ನಾವು ಸತ್ತ ಮ್ಯಾಲೆ?" ಎಂದು ಅವಳು, "ಹೌದಿಲ್ಲೇನ ಹುಸೇನಬಿ?" ಎಂದು ಹುಸೇನಬಿಯ ತೊಡೆಗೆ ಹೊಡೆಯುವಳು.

ಈಗ ಓದುವವರಿಗೆ ಎಲ್ಲ ಗೊತ್ತಾಗಿರಬಹುದು. ನನಗೆ ಗೊತ್ತಾಗಿರಲಿಲ್ಲ. ಅಲ್ಲ, ಗೊತ್ತುಮಾಡಿಕೊಂಡಿರಲಿಲ್ಲ. ಊರಿನಲ್ಲಿ ಏಲಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವವರು ಎಷ್ಟು ಜನ ಎಂದು ಒಂದು ಸಲ ಯೋಚನೆ ಬಂದಾಗ ನಾನು ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದ್ದೆ.

ಟಾರ್ಚುಗಳು ಬಂದದ್ದು ಹೋದ ವರ್ಷ. ಊರ ಪಂಚರಲ್ಲಿ ಹಿರಿಯನಾದ ಅಂದಾನೆಪ್ಪ ಹೊರಗಿನಿಂದ ಎರಡು ಪೆಟ್ಟಿಗೆ ತುಂಬ ತಂದ. ಹೆಬ್ಬೆರಳಿಗಿಂತ ತುಸು ದಪ್ಪ, ಗೇಣಿಗಿಂತ ಚಿಕ್ಕದು. ಕಪ್ಪು ಮೈ, ಹಿಡಿತಕ್ಕೆ ಗೀರುಗಳು, ಹಿಂದೆ ಒಂದು ರಬ್ಬರಿನ ಗುಂಡಿ, ನೇತುಹಾಕಲು ದಾರ. ಇಷ್ಟೇ. ಎಲ್ಲರೂ ಚಾವಡಿಯಲ್ಲಿ ಸೇರಿದ್ದೆವು. ಎರಡು ಗಂಟೆಗೆ ಮುಸುಕು ಇಳಿಯಿತು. ಆ ಗಾಢ ಕತ್ತಲಲ್ಲಿ 'ಟಕ್' ಎಂದು ಸದ್ದಾಯಿತು, ಮತ್ತು ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಮುಸುಕಿನ ಹೊತ್ತಿನಲ್ಲಿ ಮನುಷ್ಯರ ಮುಖ ನೋಡಿದೆ. ಎಲ್ಲರೂ ಬಾಯಿ ತೆರೆದಿದ್ದರು. ಉರಿ ಬದುಕದ ಕತ್ತಲಲ್ಲಿ ಇದು ಯಾಕೆ ಹತ್ತಿತೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಗಟ್ಟಿ ಮಾಲು ಐತಿ," ಎಂದು ಅಂದಾನೆಪ್ಪ ಅದನ್ನು ಎತ್ತಿ ಕಲ್ಲಿನ ನೆಲಕ್ಕೆ ಬಡಿದ. ಅದು ಪುಟಿದು ಉರುಳಿ ಬೆಳಗುತ್ತಲೇ ಇತ್ತು. ನೀರಿನ ಕೊಡದಲ್ಲಿ ಮುಳುಗಿಸಿದ. ಕೊಡ ಒಳಗಿನಿಂದ ಬೆಳಗಿತು. "ಬಿದ್ದರ ಒಡ್ಯಾಂಗಿಲ್ಲ, ನೀರಾಗ ಹೋದರ ಕೆಡಾಂಗಿಲ್ಲ."

"ಅಂದಾನೆಪ್ಪಾ, ನೀನೂ ಹಂಗ ಇದ್ದಿದ್ರ ನಿನ್ನ ಹೇಣ್ತಿ ಎಷ್ಟ ಆರಾಮ ಇರ್ತಿದ್ಲಪ್ಪಾ," ಎಂದಳು ಶಿವಗಂಗವ್ವ ಗುಂಪಿನ ಹಿಂದಿನಿಂದ. ಎಲ್ಲರೂ ನಕ್ಕರು. ಅಂದಾನೆಪ್ಪನೂ ನಕ್ಕ.

ಆದರೆ ಊರಿನವರು ಮೂಢರಲ್ಲ. ಅವತ್ತೇ ಪಂಚರು ಕಟ್ಟು ಮಾಡಿದರು: ಮುಸುಕಿನ ಹೊತ್ತಿನಲ್ಲಿ ಟಾರ್ಚು ನಾಲ್ಕು ಗೋಡೆಯ ಒಳಗೆ ಮಾತ್ರ. ಮಾತ್ರೆ ಹುಡುಕಲು, ಅಳುವ ಕೂಸನ್ನು ನೋಡಲು, ಮೂಲೆಯಲ್ಲಿ ಚೇಳು ಇದೆಯೇ ಎಂದು ನೋಡಲು. ಓಣಿಗೆ ತರಕೂಡದು, ಕಿಟಕಿಯಿಂದ ಹೊರಗೆ ಬಿಡಕೂಡದು. ಕಟ್ಟೆಯ ಮೇಲಿನ ತಾಟಿಗೆ ಬೆಳಕು ತಾಗಕೂಡದು. ಮನೆಗೊಂದರಂತೆ ಹಂಚಿದರು. ಅದಲುಬದಲಾಗಬಾರದೆಂದು ಪ್ರತಿಯೊಂದರ ಮೇಲೂ ಆಯಾ ಮನೆಯ ನಂಬರನ್ನು ಬಿಳಿ ಬಣ್ಣದಲ್ಲಿ ಬರೆಸಿದರು. ನನ್ನದು ನಲವತ್ತೇಳು. ಹಿತ್ತಿಲ ಕೋಣೆಗೆ ನಂಬರಿಲ್ಲ. ಆದ್ದರಿಂದ ಶಿವಗಂಗವ್ವನಿಗೆ ಟಾರ್ಚು ಬರಲಿಲ್ಲ. ಅವಳು ಕೇಳಲೂ ಇಲ್ಲ.

ನಾನು ಅದಕ್ಕೆ ಬೇಗ ಒಗ್ಗಿಕೊಂಡೆ. ಮುಸುಕಿನಲ್ಲಿ ಗೋಡೆಗೆ ಒರಗಿ ಕೂರುವ ಬದಲು ಕಿಟಕಿಗೆ ಕಂಬಳಿ ಇಳಿಬಿಟ್ಟು ಪುಸ್ತಕ ಓದತೊಡಗಿದೆ. ಹಾಗೆ ಓದುತ್ತಿದ್ದಾಗಲೇ ಶ್ರಾವಣದ ಒಂದು ದಿನ ಹೊರಗೆ ಮೆಟ್ಟಿಲ ಮೇಲೆ ಯಾರೋ ಬಿದ್ದ ಸದ್ದಾಯಿತು. ತಾಟು ಕಣಕಣ ಎಂದಿತು. "ಅಯ್ಯ..." ಎಂದದ್ದು ಅರ್ಧಕ್ಕೇ ನಿಂತಿತು, ಬಿದ್ದವರು ತಮ್ಮ ಬಾಯನ್ನು ತಾವೇ ಮುಚ್ಚಿಕೊಂಡಿದ್ದರು. ನಾನು ಬಾಗಿಲಿನ ಅಗುಳಿಯ ಮೇಲೆ ಕೈಯಿಟ್ಟು ನಿಂತೆ. ತೆರೆಯುವಂತಿರಲಿಲ್ಲ. ಒಂದು ಮುದಿ ಜೀವ ಏದುಸಿರು ಬಿಡುತ್ತ ಏಳುವುದು ಕೇಳಿಸಿತು. ಬಹಳ ಹೊತ್ತು ಹಿಡಿಯಿತು. ಅಷ್ಟಾದರೂ ಆಮೇಲೆ ತಂಬಿಗೆಯ ನೀರಿನ ಸದ್ದು ಬಂತು, ತಾಟು ತೊಳೆಯುವ ಸದ್ದು. ಮೂರು ಗಂಟೆಗೆ ನೋಡಿದರೆ ತಾಟು ಮಗುಚಿತ್ತು. ಅದರ ಬೆನ್ನ ಮೇಲೆ ಎರಡು ಹರಳು ಉಪ್ಪು, ಅಂಚಿನಲ್ಲಿ ಒಣಗಿದ ರಕ್ತ.

ಮರುದಿನ ನಾನು ನನ್ನ ಟಾರ್ಚನ್ನು ಅನ್ನದ ಪಕ್ಕದಲ್ಲಿಟ್ಟು ಬಟ್ಟೆ ಮುಚ್ಚಿದೆ. ನನ್ನ ಲೆಕ್ಕ ಸರಳವಾಗಿತ್ತು. ನನಗೆ ಮನೆಯಿದೆ, ಗೋಡೆಯಿದೆ, ಎಪ್ಪತ್ತೆರಡು ವರ್ಷದ ಅಭ್ಯಾಸವಿದೆ. ಉಂಡು ಹೋಗುವವರಿಗೆ ಇವೆಲ್ಲ ಇರಲಿಕ್ಕಿಲ್ಲ. ಓಣಿಯಲ್ಲಿ ಹಚ್ಚುವಂತಿಲ್ಲ, ನಿಜ. ತಮ್ಮ ಹೊಸಿಲೊಳಗಾದರೂ ಬೀಳದಿರಲಿ. ಅವತ್ತು ಮೂರಕ್ಕೆ ಬಾಗಿಲು ತೆರೆದಾಗ ಟಾರ್ಚು ಇರಲಿಲ್ಲ. ಮಗುಚಿದ ತಾಟಿನ ಮೇಲೆ ಒಂದು ಏಲಕ್ಕಿ ಇತ್ತು. ಐದು ವರ್ಷದಲ್ಲಿ ಎರಡನೆಯದು.

ಒಂದು ಜಾಗವನ್ನು ಎರಡು ಅಂಕೆಗಳಿಂದ ಭೂಮಿಯ ಮೇಲೆ ಎಲ್ಲಿದ್ದರೂ ಗುರುತಿಸಬಹುದು ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆ ಟಾರ್ಚಿನ ಮೈಮೇಲೆ ಬಿಳಿ ಬಣ್ಣದ ಎರಡು ಅಂಕೆಗಳಿವೆ ಎನ್ನುವುದು ನನಗೆ ನೆನಪಾಗಲಿಲ್ಲ.

ಕಾರ್ತಿಕದಲ್ಲಿ ಪಂಚರು ಡಂಗುರ ಹೊಡೆಸಿದರು: ಹೊಸ ಸೆಲ್ಲು ಬಂದಿವೆ, ಎಲ್ಲರೂ ತಮ್ಮ ಟಾರ್ಚು ತಂದು ಹಾಕಿಸಿಕೊಳ್ಳಿ. ನಾನು ಬರಿಗೈಯಲ್ಲಿ ಹೋದೆ. ಅಂದಾನೆಪ್ಪ, "ಅಕ್ಕೋರ, ನಿಮ್ಮ ಬ್ಯಾಟ್ರಿ?" ಎಂದ.

"ಎಲ್ಲೋ ಕಳೀತು ಅಂದಾನೆಪ್ಪ," ಎಂದೆ. ತಾಟಿನ ಗುಟ್ಟು ಕಾಯಲು ಹೇಳಿದ ಸುಳ್ಳು ಅದು. ನನ್ನ ಸುಳ್ಳುಗಳೂ ಸಾಧುವಾಗಿರುತ್ತವೆ ಎಂದುಕೊಂಡಿದ್ದೆ.

ನಾನು ಮರೆತದ್ದು ಈ ಊರಿನ ಜನರ ಒಳ್ಳೆಯತನವನ್ನು. ಅಕ್ಕೋರ ಟಾರ್ಚು ಕಳೆದಿದೆ, ಮುದುಕಿ, ಒಬ್ಬಳೇ ಇರುವವಳು ಎಂದು ಓಣಿಗೆ ಓಣಿಯೇ ಹುಡುಕತೊಡಗಿತು. ಹುಸೇನಬಿ ನನ್ನ ಅಟ್ಟ ಹತ್ತಿ ಇಳಿದಳು. ಹದಿನೈದು ವರ್ಷದ ಹಿಂದೆ ಕಳೆದ ಕನ್ನಡಕ ಸಿಕ್ಕಿತು. ಯಾರೋ ನನ್ನ ಮನೆಯ ಮುಂದಿನ ಬಾವಿಗೆ ಪಾತಾಳಗರಡಿ ಬಿಟ್ಟು ಒಂದು ಕೊಡ ತೆಗೆದುಕೊಟ್ಟರು. "ಬ್ಯಾಡ್ರವ್ವಾ, ಹೋಗ್ಲಿ ಬಿಡ್ರಿ" ಎಂದು ನಾನು ಕೈಮುಗಿದರೆ, "ಸುಮ್ಮನಿರ್ರಿ ಅಕ್ಕೋರ, ಹೆಂಗ ಬಿಡ್ತೀವಿ" ಎಂದರು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಸ್ತೂರೆವ್ವ ನನ್ನ ಕಟ್ಟೆಯ ಮುಂದೆ ಬಂದು ನಿಂತಳು. ಕೈಯಲ್ಲಿ, ಹಾವಿನ ಬಾಲ ಹಿಡಿದ ಹಾಗೆ, ದಾರದಿಂದ ತೂಗಿಬಿಟ್ಟ ಟಾರ್ಚು. ನಂಬರು ನಲವತ್ತೇಳು.

"ನಮ್ಮ ಹಿತ್ತಲ ಖೋಲ್ಯಾಗ ಒಲಿ ಮ್ಯಾಲೆ ತೂಗಹಾಕಿದ್ಲರಿ," ಎಂದಳು. ಸಿಟ್ಟಿಗಿಂತ ಅವಮಾನದಿಂದ ಅವಳ ದನಿ ಒಡೆದಿತ್ತು. "ಖಾರ ಕುಟ್ಟಾಕ ಒಳ್ಳು ಕೇಳಾಕ ಹೋಗಿದ್ನಿ, ಕಣ್ಣಿಗೆ ಬಿತ್ತು. ನನ್ನ ಮನ್ಯಾಗ ಇದ್ದಾಕಿ ಹಿಂಗ ಮಾಡ್ಯಾಳಂದ್ರ ನಾ ಹೆಂಗ ಮುಖ ತೋರಸ್ಲಿ?"

ಅವಳ ಹಿಂದೆ ಹತ್ತು ಹನ್ನೆರಡು ಜನ. ಅವರ ನಡುವೆ ಶಿವಗಂಗವ್ವ. ಬಲಗೈ ನಡುಗುತ್ತಿತ್ತು, ಎಡಗೈಯಿಂದ ಅದನ್ನು ಹಿಡಿದುಕೊಂಡಿದ್ದಳು. ಮೊಣಕೈಯಲ್ಲಿ ಉದ್ದನೆಯ, ಈಚೆಗೆ ಮಾಗಿದ ಗಾಯದ ಕಲೆ. ನಾನು ಆ ಕಲೆಯನ್ನು ನೋಡಿದೆ. ಆಗ ನನಗೆ ಗೊತ್ತಾಯಿತು. ಗೊತ್ತುಮಾಡಿಕೊಳ್ಳದೆ ಇರಲು ಇನ್ನು ಜಾಗವೇ ಉಳಿದಿರಲಿಲ್ಲ.

ಅಂದಾನೆಪ್ಪನೂ ಬಂದ. "ಏನ ಇದು ಶಿವಗಂಗವ್ವ?" ಎಂದ, ಮೆಲ್ಲಗೆ.

"ಕದ್ದೀನಿ," ಎಂದಳು ಶಿವಗಂಗವ್ವ. "ಅಕ್ಕೋರ ಬಾಗಿಲ ತೆರದಿತ್ತು, ಒಳಗ ಗೂಟಕ್ಕ ತೂಗಹಾಕಿತ್ತು, ತಗೊಂಡೀನಿ. ಆಸಿ ಆತು. ಈಗೇನ, ಚಾವಡಿ ಮೆಟ್ಟಲ ಮ್ಯಾಲೆ ಕುಂದರಬೇಕಲ್ಲ? ನಡೀರಿ ಕುಂದರ್ತೀನಿ."

ಕದ್ದವರಿಗೆ ನಮ್ಮಲ್ಲಿ ಇರುವ ಶಿಕ್ಷೆ ಅಷ್ಟೇ. ಕದ್ದ ವಸ್ತುವನ್ನು ಮಡಿಲಲ್ಲಿಟ್ಟುಕೊಂಡು ಚಾವಡಿಯ ಮೆಟ್ಟಿಲ ಮೇಲೆ ಮುಸುಕು ಇಳಿಯುವವರೆಗೆ ಕೂರಬೇಕು. ಮುಸುಕು ಇಳಿದು ಎದ್ದರೆ ಮಾತು ಮುಗಿಯಿತು. ಆಮೇಲೆ ಅದನ್ನು ಎತ್ತಿದವರಿಗೇ ದಂಡ. ಕುರಿ ಕದ್ದವನು ಕೂಡ ಮೂರು ಗಂಟೆಗೆ ಎದ್ದು ಎಲ್ಲರ ಜೊತೆ ಚಹಾ ಕುಡಿದದ್ದನ್ನು ನಾನೇ ನೋಡಿದ್ದೇನೆ. ಇದೆಲ್ಲ ನನಗೆ ಗೊತ್ತಿತ್ತು. ಅವಳು ನನ್ನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಏನಿತ್ತೆಂದೂ ಗೊತ್ತಿತ್ತು. ನಲವತ್ತು ವರ್ಷ ಯಾರ ಮುಂದೆಯೂ ಕೈ ಚಾಚದ ಹೆಂಗಸು ಕಣ್ಣಿನಲ್ಲಿ ಬೇಡಿಕೊಳ್ಳುತ್ತಿದ್ದಳು: ಸುಮ್ಮನಿರು.

ಆದರೆ ಜನ ಅವಳನ್ನು ನೋಡುತ್ತಿದ್ದ ರೀತಿ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಿರಪರಾಧಿ ಕಳ್ಳಿ ಎನಿಸಿಕೊಂಡು ಬಿಸಿಲಲ್ಲಿ ಕೂರುವುದೆಂದರೇನು? ನಾನು ಓದಿದವಳು, ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಪಾಪವೆಂದು ಪುಸ್ತಕಗಳು ನನಗೆ ಹೇಳಿಕೊಟ್ಟಿದ್ದವು.

"ಆಕೆ ಕದ್ದಿಲ್ಲ," ಎಂದೆ. "ನಾನೇ ಕೊಟ್ಟದ್ದು. ತಾಟಿನಲ್ಲಿ ಅನ್ನದ ಪಕ್ಕ ಇಟ್ಟಿದ್ದೆ."

ನನ್ನ ದನಿಯಲ್ಲಿ ಒಂದು ಚೂರು ಹೆಮ್ಮೆ ಇತ್ತೇ? ಆಮೇಲೆ ಎಷ್ಟೋ ಮುಸುಕಿನ ಹೊತ್ತು ಇದನ್ನೇ ಕೇಳಿಕೊಂಡಿದ್ದೇನೆ. ಇತ್ತು ಎಂದೇ ಅನ್ನಿಸುತ್ತದೆ. ಐದು ವರ್ಷ ಯಾರಿಗೂ ಕಾಣದಂತೆ ಮಾಡಿದ ಒಳ್ಳೆಯ ಕೆಲಸ ಒಮ್ಮೆಯಾದರೂ ನಾಲ್ಕು ಜನಕ್ಕೆ ಕಾಣಲಿ ಎಂದು ನನ್ನೊಳಗೆ ಯಾರೋ ಕಾಯುತ್ತಿದ್ದರು.

ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನೋಡಬಾರದ್ದನ್ನು ನೋಡಿದರೆ ಹಾಗೆ ತಿರುಗುವುದು ಮರ್ಯಾದೆ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಇಷ್ಟು ಹೊತ್ತು ಕಳ್ಳಿಯನ್ನು ನೆಟ್ಟ ಕಣ್ಣಿನಿಂದ ನೋಡಿದವರು ಈಗ ಅವಳತ್ತ ನೋಡಲಾರದೆ ನಿಂತರು. ಶಿವಗಂಗವ್ವ ತನ್ನ ಬಲಗೈಯನ್ನು ಬಿಟ್ಟುಬಿಟ್ಟಳು. ಅದು ಅದರ ಪಾಡಿಗೆ ನಡುಗತೊಡಗಿತು.

"ತಪ್ಪಾತವ್ವ," ಎಂದು ಕಸ್ತೂರೆವ್ವ ಅತ್ತಳು. "ನನ್ನ ಹಿತ್ತಲದಾಗ ಇದ್ದು ಹಸದಿದ್ಯಾ? ಒಂದ ಮಾತ ಹೇಳಬಾರದಿತ್ತಾ?"

ಅಂದಿನಿಂದ ಎಲ್ಲರೂ ಶಿವಗಂಗವ್ವನಿಗೆ ಒಳ್ಳೆಯವರಾದರು. ಅದರಷ್ಟು ಕ್ರೂರವಾದದ್ದನ್ನು ನಾನು ಈ ಊರಿನಲ್ಲಿ ನೋಡಿಲ್ಲ. ಬೆಳಿಗ್ಗೆ ಕಸ್ತೂರೆವ್ವ ಸಜ್ಜಕ ತಂದಳು. ಮಧ್ಯಾಹ್ನ, ಮುಸುಕು ಇಳಿಯಲು ಇನ್ನೂ ತಾಸು ಇರುವಾಗಲೇ, ಹಗಲು ಬೆಳಕಿನಲ್ಲಿ, ನಾಲ್ಕು ಮನೆಯವರು ತಾಟು ಹಿಡಿದು ಹಿತ್ತಿಲ ಕೋಣೆಯ ಮುಂದೆ ನಿಂತರು. "ನಿಮ್ಮ ಕೈಯಾಗ ನಮ್ಮ ಮದುವಿ ಊಟ ಉಂಡೀವಿ, ನೀವು ಹಸದಿರಬಾರದು" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಅವಳು ಬಾಗಿಲು ತೆರೆಯಲಿಲ್ಲ. ತಾಟುಗಳು ಹೊಸಿಲ ಮುಂದೆ ಸಾಲಾಗಿ ಕೂತವು. ಅಂದಾನೆಪ್ಪ ನನ್ನ ಟಾರ್ಚನ್ನು ನನಗೆ ಹಿಂದಿರುಗಿಸಿ, ಪಂಚರ ಕಡೆಯಿಂದ ಅವಳಿಗೆಂದೇ ಒಂದು ಹೊಸ ಟಾರ್ಚು ಕಳುಹಿಸಿದ. ಹಿತ್ತಿಲ ಕೋಣೆಗೆ ನಂಬರು ಇರಲಿಲ್ಲವಲ್ಲ. ನನ್ನ ಮನೆಯ ತಾಟಿನವಳು ಎಂದು ಅದರ ಮೇಲೆ ನಲವತ್ತೇಳು ಬರೆದು ಪಕ್ಕದಲ್ಲಿ 'ಅ' ಎಂದು ಸೇರಿಸಿದ್ದರು.

ನನ್ನ ಕಟ್ಟೆಯ ಮೇಲೆ ಅವತ್ತೂ ಮರುದಿನವೂ ತಾಟು ನಾನಿಟ್ಟ ಹಾಗೆಯೇ ಇತ್ತು.

ಮೂರನೆಯ ದಿನ ಮುಸುಕು ಇಳಿದ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ತಾಟಿನ ಸದ್ದು ಬರಲಿಲ್ಲ.

"ಅಕ್ಕೋರ," ಎಂದಿತು ದನಿ. ಮುಸುಕಿನಲ್ಲಿ ಕಟ್ಟೆಯ ಮೇಲಿನಿಂದ ಒಳಗಿನವರನ್ನು ಕರೆಯುವುದು ನಮ್ಮಲ್ಲಿ ಎಂದೂ ಇಲ್ಲ.

ನಾನು ಬಾಗಿಲು ತೆರೆದು ಹೊಸಿಲ ಮೇಲೆ ಕೂತೆ. ನಡುವೆ ಒಂದು ಮೊಳ ಕತ್ತಲು.

"ಶಿವಗಂಗವ್ವ, ನಿಮ್ಮನ್ನ ಕಳ್ಳಿ ಅನ್ನೋದು ನನ್ನಿಂದ ಕೇಳೋಕೆ ಆಗ್ಲಿಲ್ಲ."

"ನಿಮಗ ಆಗಲಿಲ್ಲ," ಎಂದಳು. "ಹೌದ್ರಿ. ನಿಮಗ ಆಗಲಿಲ್ಲ." ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾಯಿತು. ಸೌಟು ತಂದಿದ್ದಳು. "ಮೂರ ತಾಸು ಕಳ್ಳಿಯಾಗಿ ಕುಂದ್ರತಿದ್ನಿ. ಮೂರ ತಾಸು. ಆಮ್ಯಾಲೆ ಎದ್ದು ಹುಸೇನಬಿ ಅಂಗಡ್ಯಾಗ ಕುಂತು ನಿಮ್ಮ ಒಗ್ಗರಣಿ ಆಡಕೋತಿದ್ನಿ. ನೀವು ಸಾಯೋತನಕ ಭಿಕ್ಷದಾಕಿ ಮಾಡಿ ಕುಂದರಿಸಿದ್ರಿ."

"ನಾನು ತಿಳಿದು ಮಾಡಲಿಲ್ಲ."

"ತಿಳಿದವರು ನೀವು. ನಾವು ತಿಳೀದವರು ಮಾಡಿದ್ರ ಮಾತ ಬ್ಯಾರೆ." ಆಮೇಲೆ, ಬೇರೆಯೇ ದನಿಯಲ್ಲಿ, ಅಂಗಡಿಯ ದನಿಯಲ್ಲಿ ಎಂದಳು: "ಹುಳಿ ಈಗ ಹದಕ್ಕ ಬಂದೈತಿ. ಉಪ್ಪು ಮಾತ್ರ ನಿಮ್ಮ ಕೈಗೆ ಇನ್ನೂ ತಿಳಿದಿಲ್ಲ. ಕೈಯಾಗ ಹಿಡದು ನೋಡಬ್ಯಾಡ್ರಿ, ಕಣ್ಣ ಮುಚ್ಚಿ ಹಾಕ್ರಿ."

"ಒಳಗೆ ಬನ್ನಿ. ಇಬ್ಬರೂ ಕೂತು ಉಣ್ಣೋಣ. ಯಾರಿಗೂ ಕಾಣೋದಿಲ್ಲ."

"ಕಾಣಾಂಗಿಲ್ಲ ಅಂತೀರಿ," ಎಂದಳು. 'ಟಕ್' ಎಂದಿತು. ಆ ಬಿಳಿ ಬೆಳಕು ಒಮ್ಮೆಗೇ ನನ್ನ ಮುಖಕ್ಕೆ ಬಿತ್ತು. ಕಣ್ಣು ಮುಚ್ಚಿಕೊಂಡೆ. ನನ್ನ ಮುಖದಲ್ಲಿ ಅವಳು ಏನು ನೋಡಿದಳೋ, ಎಷ್ಟು ಹೊತ್ತು ನೋಡಿದಳೋ. ಆಮೇಲೆ ಬೆಳಕು ಸರಿಯಿತು, ಬಾವಿಯಲ್ಲಿ ಗುಳುಂ ಎಂದು ಸದ್ದಾಯಿತು. ಕಣ್ಣು ತೆರೆದಾಗ ಬಾವಿಯ ಬಾಯಿಯಿಂದ ಬೆಳಕು ಎದ್ದು ನಿಂತಿತ್ತು. ಮೇಲಿನ ಬೇವಿನ ಎಲೆಗಳ ಅಡಿ ಒಂದೊಂದೂ ಕಾಣುತ್ತಿತ್ತು. ನನ್ನ ಕಟ್ಟೆ ಕಾಣುತ್ತಿತ್ತು, ತಾಟು ಕಾಣುತ್ತಿತ್ತು. ಶಿವಗಂಗವ್ವ ಸೌಟನ್ನು ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಹಗ್ಗ ಹಿಡಿದು, ಬಸ್ಸು ನಿಲ್ಲುವ ಕಲ್ಲಿನ ಕಡೆಗೆ ಹೋಗುತ್ತಿದ್ದಳು. ತಿರುಗಿ ನೋಡಲಿಲ್ಲ. ಹತ್ತು ಹೆಜ್ಜೆಯಾದ ಮೇಲೆ ಕತ್ತಲು ಅವಳನ್ನು ತೆಗೆದುಕೊಂಡಿತು. ಅವಳು ಎಲ್ಲಿಗೆ ಹೋದಳೆಂದು ನನಗೆ ಗೊತ್ತಿಲ್ಲ. ನಕಾಶೆಯಲ್ಲಿ ಇಲ್ಲದ ಊರಿನಿಂದ ಹೊರಟವರನ್ನು ಯಾವ ಪುಟದಲ್ಲಿ ಹುಡುಕುವುದು?

ಅಂದಾನೆಪ್ಪ ಹೇಳಿದ್ದು ನಿಜ, ಅದು ಗಟ್ಟಿ ಮಾಲು. ಬಾವಿಯ ತಳದಲ್ಲಿ ಹನ್ನೊಂದು ದಿನ ಬೆಳಗಿತು. ಪಾತಾಳಗರಡಿಗೆ ಸಿಗಲಿಲ್ಲ, ಇಳಿಯುತ್ತೇನೆ ಎಂದವರೂ ನೀರಿನಲ್ಲಿ ಆ ಬೆಳಕು ಅಲ್ಲಾಡುವುದನ್ನು ನೋಡಿ ಹಿಂದೆ ಸರಿದರು. ಪ್ರತಿದಿನ ಎರಡಕ್ಕೆ ಮುಸುಕು ಇಳಿದಾಗ ನಮ್ಮ ಓಣಿಯೊಂದು ಮಾತ್ರ ಮಸುಕಾಗಿ ಕಾಣುತ್ತಿತ್ತು. ಹಗ್ಗ ಹಿಡಿದು ಬಂದವರು ತಿರುವಿನಲ್ಲೇ ನಿಂತು, ತಮ್ಮ ಕೈ ತಮಗೆ ಕಂಡದ್ದೇ ತಡ, ಹಿಂದಕ್ಕೆ ಹೋಗುತ್ತಿದ್ದರು. ಹನ್ನೆರಡನೆಯ ದಿನ ಬೆಳಕು ಆರಿತು. ಆದರೆ ಅಷ್ಟರಲ್ಲಿ ಮಾತು ಊರೆಲ್ಲ ಹರಡಿತ್ತು: ತಾಟಿನಲ್ಲಿ ಏನಿಟ್ಟಿರುತ್ತಾರೋ ಯಾರಿಗೆ ಗೊತ್ತು, ಯಾವ ಗುರುತು ಇರುತ್ತದೋ, ನಾಳೆ ಯಾರು ಬಾಯಿ ಬಿಡುತ್ತಾರೋ. ಮೊದಲು ನಮ್ಮ ಓಣಿಯ ತಾಟುಗಳು, ಆಮೇಲೆ ಹಿಂದಿನ ಓಣಿಯವು, ಯುಗಾದಿಯ ಹೊತ್ತಿಗೆ ಇಡೀ ಊರಿನವು ಮುಟ್ಟದೆ ಉಳಿಯತೊಡಗಿದವು. ಹಸಿದವರು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದಾರೆ. ಖಾಲಿ ತಾಟಿಗೆ ಬಟ್ಟೆ ಮುಚ್ಚಿಟ್ಟು ಮನೆಯೊಳಗೆ ಕೂತಿರುತ್ತಾರೆ. ನಾಯಿಗಳು ಮಾತ್ರ ದಪ್ಪಗಾಗಿವೆ.

ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆದಾಗ ಟಾರ್ಚು ಸಿಕ್ಕಿತು. ಹುಸೇನಬಿ ಅದನ್ನು ಕೆಸರು ತೊಳೆದು, ಬಿಸಿಲಲ್ಲಿ ಒಣಗಿಸಿ, ಹೊಸ ಸೆಲ್ಲು ಹಾಕಿ, ನನಗೆ ಬೇಸರವಾದೀತೆಂದು ಕಾಗದದಲ್ಲಿ ಸುತ್ತಿ ತಂದು ಗೂಡಿನಲ್ಲಿಟ್ಟು ಹೋದಳು. ಒತ್ತಿದೆ. ಹತ್ತಿತು. ನಲವತ್ತೇಳು, ಪಕ್ಕದಲ್ಲಿ 'ಅ' ಎಂದು ಬರೆದದ್ದು ಸ್ವಲ್ಪವೂ ಮಾಸಿಲ್ಲ.

ನಾನು ಈಗಲೂ ಒಂದೂವರೆಗೆ ತಾಟು ಬಡಿಸುತ್ತೇನೆ. ಕಣ್ಣು ಮುಚ್ಚಿ ಉಪ್ಪು ಹಾಕುತ್ತೇನೆ. ಎರಡು ಏಲಕ್ಕಿಗಳು ಭರಣಿಯಲ್ಲಿ ಹಾಗೇ ಇವೆ, ಅವುಗಳ ವಾಸನೆ ಹೋಗಿದೆ. ಮೂರು ಗಂಟೆಗೆ ಬಾಗಿಲು ತೆರೆದು, ಆರಿದ ಅನ್ನ ಒಳಗೆ ತಂದು, ಅದನ್ನೇ ಉಣ್ಣುತ್ತೇನೆ. ಉಪ್ಪು ಸರಿಯಾಗಿದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ.